ಕಾರಣ ಬರೆಯದ ಕ್ಷಮಾ ಅರ್ಜಿ

2022ರ ನವೆಂಬರ್ 20, ಯೇಸುವನ್ನು ಅರಸನೆಂದು ಕೊಂಡಾಡುವ ಕ್ರಿಸ್ತರಾಜರ ಹಬ್ಬ. ಬೆಳಗಿನ ಬಲಿಪೂಜೆಯಾದ ಮೇಲೆ ಧರ್ಮೋಪದೇಶ ತರಗತಿಯ ಮಕ್ಕಳಿಗೆ ಒಬ್ಬ ರಾಜನ ಚಿತ್ರ ಬರೆಯಿರಿ ಎಂದೆ. ಮೈಸೂರಿನ ಮಕ್ಕಳಲ್ಲವೇ, ದಸರಾ ದರ್ಬಾರನ್ನೇ ಬರೆದರು. ಪೇಟ, ಸಿಂಹಾಸನ; ಒಬ್ಬಳು ಆನೆಯನ್ನೂ ತಂದು ನಿಲ್ಲಿಸಿದ್ದಳು. ಅದರಲ್ಲಿ ತಪ್ಪೇನು? ಈ ಊರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಇಟ್ಟವರೇ ನಾಲ್ವಡಿ ಕೃಷ್ಣರಾಜ ಒಡೆಯರು.

ಈ ಹಬ್ಬಕ್ಕೆ ಅಂಥ ವಯಸ್ಸಾಗಿಲ್ಲ. ಪೋಪ್ ಹನ್ನೊಂದನೆಯ ಪಿಯುಸ್ ಇದನ್ನು ಸ್ಥಾಪಿಸಿದ್ದು 1925ರಲ್ಲಿ. ರಷ್ಯಾ, ಜರ್ಮನಿ, ಆಸ್ಟ್ರಿಯಾಗಳ ಸಿಂಹಾಸನಗಳು ಉರುಳಿಯಾಗಿತ್ತು, ಇಟಲಿ ಮುಸೊಲಿನಿಯ ಕೈಗೆ ಹೋಗಿತ್ತು. ಆದರೆ ಆ ಭಾನುವಾರ ಓದಿದ ಶುಭಸಂದೇಶದಲ್ಲಿ, ಲೂಕ 23ನೇ ಅಧ್ಯಾಯದಲ್ಲಿ, ದರ್ಬಾರಿನ ಸುಳಿವೇ ಇಲ್ಲ. ಯೆಹೂದ್ಯರ ಅರಸ ಎಂಬ ಫಲಕದ ಕೆಳಗೆ ಶಿಲುಬೆಗೇರಿದ ಒಬ್ಬ, ಅವನ ಎಡಬಲಕ್ಕೆ ಇಬ್ಬರು ಅಪರಾಧಿಗಳು.

ನಾನು ಸೆಷನ್ಸ್ ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಈ ಭಾಗವನ್ನು ಕಡತ ತಿರುವುವವನಂತೆಯೇ ಓದುತ್ತೇನೆ. ಇವನಲ್ಲಿ ಅಪರಾಧ ಕಾಣೆ ಎಂದು ಮೂರು ಸಲ ಹೇಳಿದ ರೋಮನ್ ರಾಜ್ಯಪಾಲ ಪಿಲಾತನೇ ಯೇಸುವನ್ನು ಸಾವಿಗೆ ಒಪ್ಪಿಸುತ್ತಾನೆ. ಬಿಡುಗಡೆಯಾಗುವವನು ದಂಗೆಗೂ ಕೊಲೆಗೂ ಸೆರೆ ಸೇರಿದ್ದ ಬರಬ್ಬ. ಮೇಲ್ಮನವಿಯಲ್ಲಿ ಇಂಥ ಆದೇಶ ಒಂದು ಗಳಿಗೆಯೂ ನಿಲ್ಲದು.

ನಮ್ಮಲ್ಲಿ ಸಂವಿಧಾನದ 72ನೇ ವಿಧಿಯಡಿ ರಾಷ್ಟ್ರಪತಿಗೆ ಹೋಗುವ ಕ್ಷಮಾದಾನದ ಅರ್ಜಿಯಲ್ಲಿ ಕಾರಣಗಳಿರುತ್ತವೆ: ವಯಸ್ಸು, ಕಾಯಿಲೆ, ಮನೆಯಲ್ಲಿ ಎಳೆಯ ಮಕ್ಕಳು. ಶಿಲುಬೆಯ ಮೇಲಿದ್ದ ಆ ಇಬ್ಬರು ಅಪರಾಧಿಗಳಲ್ಲಿ ಒಬ್ಬ, ರೂಢಿಯಲ್ಲಿ ಒಳ್ಳೆಯ ಕಳ್ಳ ಎನಿಸಿಕೊಂಡವನು, ಕಾರಣವನ್ನೇ ಕೊಡುವುದಿಲ್ಲ. ನಮಗಾಗಿರುವುದು ತಕ್ಕ ಶಿಕ್ಷೆಯೇ ಎಂದು ತಾನಾಗಿ ಒಪ್ಪಿಕೊಂಡು, ನಿನ್ನ ರಾಜ್ಯದಲ್ಲಿ ನನ್ನನ್ನು ನೆನೆಸಿಕೊ ಎಂದು ಯೇಸುವಿಗೆ ಹೇಳುತ್ತಾನೆ, ಅಷ್ಟೆ. ಕೆಳಗಿಳಿಸು ಎಂದು ಕೂಡ ಕೇಳುವುದಿಲ್ಲ. ಆದೇಶವೂ ಅಲ್ಲೇ ಹೊರಡುತ್ತದೆ: ಇಂದೇ ನೀನು ಸ್ವರ್ಗದಲ್ಲಿ ನನ್ನ ಜೊತೆಗಿರುವೆ. ಶಿಲುಬೆಯ ಮೇಲೆ ಆ ಅರಸ ಚಲಾಯಿಸಿದ ರಾಜಾಧಿಕಾರ ಇದೊಂದೇ ಎಂದು ನನ್ನ ಎಣಿಕೆ.

ಇದನ್ನೆಲ್ಲ ಉತ್ಸಾಹದಿಂದ ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೈಯೆತ್ತಿದ. "ಸರ್, ಅವನು ಕದ್ದದ್ದನ್ನು ಹಿಂದಕ್ಕೆ ಕೊಟ್ಟನೇ?"

ಲೂಕನ ಶುಭಸಂದೇಶದಲ್ಲೇ ಬರುವ ಸುಂಕದವ ಜಕ್ಕಾಯನಾದರೆ ಮೋಸದಿಂದ ಪಡೆದದ್ದರ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ; ಶಿಲುಬೆಯ ಮೇಲಿದ್ದವನು ಏನು ಕೊಟ್ಟಾನು ಎಂದೆ.

"ಹಾಗಾದರೆ ಕಳೆದುಕೊಂಡವರ ಗತಿ?"

ನ್ಯಾಯಾಲಯದ ಮೊಗಸಾಲೆಯಲ್ಲಿ ಅವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆರೋಪಿಗೆ ಜಾಮೀನು ಸಿಕ್ಕ ಸುದ್ದಿಯನ್ನು ಗುಮಾಸ್ತನೊಬ್ಬನ ಬಾಯಿಂದ ಕೇಳಿ, ಊಟದ ಡಬ್ಬಿಯನ್ನು ಬಿಚ್ಚದೆ ಚೀಲಕ್ಕೆ ಹಾಕಿಕೊಂಡು ಎದ್ದು ಹೋಗುವವರು. ಕರುಣೆಯ ಬಗ್ಗೆ ಮಾತನಾಡುವ ನಾವು ಅವರನ್ನು ಬಲು ಸಲೀಸಾಗಿ ದಾಟಿಬಿಡುತ್ತೇವೆ. ಪ್ರಬೋಧನೆಗಳಲ್ಲೂ ಅವರ ಸರದಿ ಬರುವುದು ಅಪರೂಪ.

"ಆ ಬಾಕಿಯನ್ನು ಅರಸನೇ ತನ್ನ ಮೇಲೆ ಹಾಕಿಕೊಂಡ. ಅದಕ್ಕೇ ಅವನೂ ಅಲ್ಲಿದ್ದದ್ದು" ಎಂದೆ. ಧರ್ಮಸಭೆ ಕಲಿಸಿದ್ದೂ ಅದನ್ನೇ, ನಾನು ನಂಬಿರುವುದೂ ಅದನ್ನೇ.

ಹುಡುಗ ಪೆನ್ಸಿಲ್ ಕಚ್ಚುತ್ತಾ ಯೋಚಿಸಿದ. "ಅದನ್ನು ಅವರಿಗೆ ಯಾರಾದರೂ ಹೋಗಿ ಹೇಳಿದರೇ, ಸರ್?"

ಅವನನ್ನು ಫಾದರ್ ಬಳಿಗೆ ಕರೆದುಕೊಂಡು ಹೋದೆ. ತಿಂಡಿಗೆ ಕುಳಿತಿದ್ದ ಅವರು ಪ್ರಶ್ನೆ ಕೇಳಿ, ಪಕ್ಕದ ಕುರ್ಚಿ ಎಳೆದು, ಅವನಿಗೂ ಎರಡು ಇಡ್ಲಿ ಬಡಿಸಿದರು. ಹುಡುಗ ಇಡ್ಲಿ ತಿಂದು ಮುಗಿಸಿ, ಮತ್ತೆ ಅದನ್ನೇ ಕೇಳಿದ.