ಮುತ್ತಜ್ಜಿಯ ತವರನ್ನು ಹುಡುಕುತ್ತ

ನಮ್ಮ ಮುತ್ತಜ್ಜಿ 1918ರ ಅಕ್ಟೋಬರಿನಲ್ಲಿ ತೀರಿಕೊಂಡಳು. ಊರು ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ನಾಲ್ಕು ವರ್ಷದವರಾಗಿದ್ದ ಅಜ್ಜನಿಗೆ ತಾಯಿಯ ಮುಖ ನೆನಪಿರಲಿಲ್ಲ. ಅವಳ ತವರು ಯಾವುದೆಂದು ಕೇಳಿದರೆ "ಹೊಳಿಯಾಚೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಮೂರು ವರ್ಷ ಹುಡುಕಿದೆ.

ಆ ಕಾಲದ ಜಮೀನಿನ ಕಾಗದಗಳಲ್ಲಿ ಹೆಂಗಸು ಕಾಣಿಸಿಕೊಳ್ಳುವುದು ಹೆಚ್ಚಾಗಿ ವಿಧವೆಯಾದ ಮೇಲೆ. ಗಂಡ ಸತ್ತು ಹೊಲ ಅವಳಿಗೆ ವಾರಸಾ ಆದರೆ, ಉತಾರದಲ್ಲಿ, ಅಂದರೆ ಹೊಲದ ದಾಖಲೆಯ ನಕಲಿನಲ್ಲಿ, "ಇಂಥವಳು ಕೋಂ (ಹೆಂಡತಿ) ಇಂಥವನು" ಎಂಬ ಸಾಲೊಂದು ಉಳಿಯುತ್ತದೆ. ಮುತ್ತೈದೆಯಾಗಿಯೇ ಹೋದ ನಮ್ಮ ಮುತ್ತಜ್ಜಿಗೆ ಆ ಸಾಲೂ ದಕ್ಕಲಿಲ್ಲ. ಜನಗಣತಿ 1872ರಿಂದಲೇ ಇದ್ದರೂ, ಎಣಿಕೆ ಮುಗಿದ ಮೇಲೆ ಮನೆಮನೆಯ ಹಾಳೆಗಳನ್ನು ಕಾಪಿಡದೆ ಅಂಕಿಗಳ ಸಂಪುಟಗಳನ್ನಷ್ಟೇ ಉಳಿಸಿಕೊಂಡದ್ದರಿಂದ, ಅಲ್ಲಿಯೂ ಅವಳು ಸಿಗುವಂತಿರಲಿಲ್ಲ.

ಕೊನೆಗೆ ಅವಳು ಸಿಕ್ಕಿದ್ದು ಊರಿನ ಮರಣದ ಪುಸ್ತಕದಲ್ಲಿ. ಕಾರಣದ ಅಂಕಣದಲ್ಲಿ "ಜ್ವರ" ಎಂದಿತ್ತು. ಅದೇ ಹಾಳೆಯಲ್ಲಿ ಮೇಲಿಂದ ಕೆಳಗೆ ಜ್ವರ, ಜ್ವರ ಎಂದೇ ಬರೆದಿದ್ದನ್ನು ಕಂಡಾಗ, ಆ ವರ್ಷದ ಇನ್‌ಫ್ಲುಯೆಂಜಾ ಸಾವುಗಳನ್ನು ಬಹುಪಾಲು ಜ್ವರದ ಲೆಕ್ಕಕ್ಕೇ ಸೇರಿಸುತ್ತಿದ್ದರೆಂಬುದು ನೆನಪಾಯಿತು. ಹರೆಯದ ಹೆಂಗಸರು ಆ ರೋಗಕ್ಕೆ ಹೆಚ್ಚು ಬಲಿಯಾದರು. ಅವಳ ಹೆಸರಿನ ಕೆಳಗೆ, ಮೂರು ದಿನಗಳ ಅಂತರದಲ್ಲಿ, ನಮ್ಮ ಮುತ್ತಜ್ಜನದೇ ಹೆಸರು ಹೇಳಿ "ಗಂಡು ಕೂಸು" ಎಂದು ಬರೆದಿತ್ತು. ಅಜ್ಜನಿಗೆ ಒಬ್ಬ ತಮ್ಮ ಹುಟ್ಟಿದ್ದನೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ದಿನ ನಾನು ಮುಂದಿನ ಹಾಳೆಗಳನ್ನು ತಿರುವಲಿಲ್ಲ.

ತವರಿನ ದಾರಿ ತೋರಿಸಿದವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು, ಮನೆತನದ ತಲೆಮಾರುಗಳನ್ನು ಹಾಡಿ ಕಾಳುಕಡಿ ಪಡೆಯುವ ಈ ಜನರನ್ನು ನಾವು ಚಿಕ್ಕಂದಿನಲ್ಲಿ ಬರೀ ಬೇಡುವವರೆಂದುಕೊಂಡಿದ್ದೆವು. ಅದು ನಮ್ಮ ದೊಡ್ಡ ತಪ್ಪು. ನಮ್ಮ ಮನೆತನದ ಹೆಳವರ ಹಳೆಯ ಚೋಪಡಿಯಲ್ಲಿ, ಅಂದರೆ ವಂಶಾವಳಿಯ ಪುಸ್ತಕದಲ್ಲಿ, ಗಂಡಸರ ಹೆಸರುಗಳೇ ಸಾಲುಗಟ್ಟಿದ್ದವು, ನಿಜ. ಆದರೆ ಮುತ್ತಜ್ಜನ ಹೆಸರಿನ ಪಕ್ಕದಲ್ಲಿ, ಹೆಣ್ಣು ತಂದ ಊರು ಮತ್ತು ಮನೆತನದ ಅಡ್ಡಹೆಸರು ಇತ್ತು. ಊರು ಮಲಪ್ರಭೆಯ ಆಚೆ ದಂಡೆಯದು, ರಾಮದುರ್ಗ ಸಂಸ್ಥಾನಕ್ಕೆ ಸೇರಿದ್ದದ್ದು. 1948ರವರೆಗೂ ಅದು ಬೇರೆಯೇ ಆಡಳಿತವಾಗಿತ್ತು. ನಾನು ಧಾರವಾಡದ ಕಡತಗಳಲ್ಲಿ ಎಷ್ಟು ತಡಕಾಡಿದರೂ ಅವಳ ತವರು ಸಿಗದಿದ್ದುದಕ್ಕೆ ಇದೇ ಕಾರಣ.

ಆ ತವರುಮನೆಗೆ ಹೋಗುವಾಗ ನಮ್ಮ ಅಟ್ಟದ ಮೇಲಿದ್ದ ಹಿತ್ತಾಳೆಯ ತಂಬಿಗೆಯನ್ನು ಜೊತೆಗೆ ಒಯ್ದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಅದರ ಕಂಠದ ಕೆಳಗೆ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರಗಳು ಕಂಡಿದ್ದವು: ಒಬ್ಬ ಗಂಡಸಿನ ಹೆಸರು, ಅದರ ಮುಂದೆ "ಮಗಳಿಗೆ". ಆ ಮನೆಯ ಹಿರಿಯರು ತಂಬಿಗೆಯನ್ನು ಬೆಳಕಿಗೆ ಹಿಡಿದು ಅಕ್ಷರಗಳ ಮೇಲೆ ಬೆರಳಾಡಿಸಿದರು. ಒಂದು ಮಾತನ್ನೂ ಆಡದೆ ಅಡಿಗೆಮನೆಗೆ ಹೋಗಿ ಕೊಡವೊಂದನ್ನು ತಂದು ಅದರ ಪಕ್ಕದಲ್ಲಿಟ್ಟರು. ಅದರ ಮೇಲೆಯೂ ಅದೇ ಹೆಸರು, ಅದೇ ಕೈಯ ಚುಕ್ಕೆಗಳು.