ನೀರು ಇಳಿದ ಮೇಲಿನ ಹಳ್ಳ

ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಿಂದ ನಿಟ್ಟೂರಿಗೆ ಹೋಗುವ ದಾರಿಯಲ್ಲಿ ಒಳಗಿನ ಮಣ್ಣುರಸ್ತೆ ಹಿಡಿದರೆ ಅಕ್ಕನ ಮನೆಗೆ ಮೂರು ಹಳ್ಳ. ಎರಡಕ್ಕೆ ಮೋರಿ ಇದೆ. ಮೂರನೆಯದಕ್ಕೆ ತಳದಲ್ಲಿ ಕಾಂಕ್ರೀಟ್ ಹಾಸಿದ್ದಾರೆ ಅಷ್ಟೆ, ನೀರು ಅದರ ಮೇಲೇ ಹರಿಯುತ್ತದೆ. ಪಕ್ಕದಲ್ಲೇ ಅಡಿಕೆ ದಬ್ಬೆಯ ಕಾಲುಸಂಕ.

ಆಶ್ಲೇಷ ಮಳೆ ಹೊಯ್ಯುವಾಗ ಈ ಹಳ್ಳ ಕೆಂಪಗೆ, ಮೊಣಕಾಲು ಮೀರಿ ನುಗ್ಗುತ್ತದೆ. ಆಗ ಬೈಕನ್ನು ಈಚೆ ದಡದ ಮನೆಯ ಕೊಟ್ಟಿಗೆಯಲ್ಲಿ ಬಿಟ್ಟು ಸಂಕ ದಾಟಿ ನಡೆದೇ ಹೋಗುತ್ತೇನೆ. ನಾನು ಬಿದ್ದದ್ದು ಆ ದಿನಗಳಲ್ಲಲ್ಲ. ಹೋದ ವರ್ಷ ಭೂಮಿ ಹುಣ್ಣಿಮೆಯ ಹಿಂದಿನ ದಿನ, ಒಳ್ಳೆ ಬಿಸಿಲಿನಲ್ಲಿ, ನೀರು ಪಾದ ಮುಳುಗುವಷ್ಟೂ ಇಲ್ಲದಾಗ.

ಅಕ್ಕನಿಗೆ ಹಸುಗೂಸು. ಹಾಗಾಗಿ ಹಬ್ಬಕ್ಕೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯನ್ನು ಅಮ್ಮನೇ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದು ಮುಗಿಸಿದ್ದಳು. ಹಳ್ಳದ ಹತ್ತಿರ ಬಂದಾಗ, "ಬುಟ್ಟಿ ನೆನೆಯದು ಬ್ಯಾಡ, ನಾ ಸಂಕದ ಮೇಲೆ ಬರ್ತೀನಿ" ಅಂತ ಇಳಿದಳು. ಆ ಮಾತು ನೆನೆದರೆ ಈಗಲೂ ಎದೆ ತಣ್ಣಗಾಗುತ್ತದೆ.

ನಡುವೆ ಸ್ವಲ್ಪ ಆಳವಿತ್ತು. ನೀರು ತೆಳುವಾಗಿದ್ದ ಬಲಗಡೆಯ ಅಂಚಿಗೆ ಸ್ಪ್ಲೆಂಡರ್ ತಿರುಗಿಸಿದೆ. ಮುಂದಿನ ಬ್ರೇಕನ್ನು ಬೆರಳಿನಲ್ಲಿ ಮುಟ್ಟಿದ್ದಷ್ಟೆ, ಮುಂಗಾಲಿ ಪಕ್ಕಕ್ಕೆ ಹೋಯಿತು. ಮೊಣಕೈ ತರಚಿತು, ಬ್ರೇಕ್ ಲಿವರ್ ಬಾಗಿತು, ಬೂಟಿನೊಳಗೆ ನೀರು.

ಹುಲ್ಲು ಹೊರೆ ಇಳಿಸಿ ಓಡಿಬಂದ ಭಾವ ಬೈಕ್ ಎತ್ತಿಸಿದರು. ಆಮೇಲೆ ನನ್ನನ್ನು ನೀರಿನಲ್ಲೇ ನಿಲ್ಲಿಸಿ ತೋರಿಸಿದರು. ಕಾಂಕ್ರೀಟಿನ ಮೇಲೆ ಉದ್ದಕ್ಕೆ ಎರಡು ಬೂದು ಗೆರೆ: ದಿನಾ ಓಡಾಡುವ ಜೀಪಿನ ಚಕ್ರ ಉಜ್ಜಿದ ಜಾಗ. ಉಳಿದದ್ದೆಲ್ಲ ಹಸಿರು ಹಾವಸೆ. "ಮಳೆಗಾಲದ ಸೆಳವಿಗೆ ಹಾವಸೆ ನಿಲ್ಲಲ್ಲ ತಮ್ಮಾ. ನೀರಿಳಿದು ಬಿಸಿಲು ಬಿತ್ತು ಅಂದ್ರೆ ಶುರು. ಇಲ್ಲಿ ಬೀಳೋರೆಲ್ಲ ಈಗ್ಲೇ ಬೀಳದು."

ಅಂಗಾಲಿನಿಂದ ಒರೆಸಿ ನೋಡಿದೆ. ಗೆರೆಯ ಮೇಲೆ ಮರಳು ಮರಳು, ಒಂದು ಗೇಣು ಆಚೆ ಲೋಳೆ. ನಾನು ಆಳವನ್ನಷ್ಟೇ ನೋಡಿದ್ದೆ, ತಳವನ್ನು ನೋಡಿರಲಿಲ್ಲ.

ಈಗ ಪ್ರತಿ ಸಲವೂ ಮೊದಲು ನಡೆದು ದಾಟಿ ನೋಡುತ್ತೇನೆ. ಫಸ್ಟ್ ಗೇರಿನಲ್ಲಿ ಜೀಪಿನ ಗೆರೆ ಹಿಡಿದು, ಒಂದೇ ಹದದಲ್ಲಿ ಆಕ್ಸಿಲೇಟರ್ ಕೊಟ್ಟು, ನಡುವೆ ಬ್ರೇಕೂ ಇಲ್ಲ, ಗೇರ್ ಬದಲಾವಣೆಯೂ ಇಲ್ಲ. ಕಣ್ಣು ಆಚೆ ದಡದ ಹೊನ್ನೆಮರದ ಮೇಲೆ. ಹರಿಯುವ ನೀರನ್ನೇ ನೋಡುತ್ತಿದ್ದರೆ ಬೈಕು ತಾನೇ ಪಕ್ಕಕ್ಕೆ ಸರಿದಂತಾಗಿ ಕೈ ತಿರುಗಿಬಿಡುತ್ತದೆ. ಡ್ರಮ್ಮಿನೊಳಗೆ ನೀರು ಹೊಕ್ಕರೆ ಬ್ರೇಕ್ ಹಿಡಿಯುವುದಿಲ್ಲ, ಅದಕ್ಕೇ ದಡ ಹತ್ತಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಹೋಗುತ್ತೇನೆ.

ಈ ವರ್ಷದ ಬುಟ್ಟಿಯಲ್ಲಿ ಅಮ್ಮ ಒಂದು ಹೊಸ ಎಳೆ ಬರೆದಿದ್ದಾಳೆ, ಭತ್ತದ ತೆನೆಯದು. ನಾನು ಆಚೆ ದಡ ಹತ್ತುವವರೆಗೂ ಅದನ್ನು ಹೊತ್ತು ಸಂಕದ ತುದಿಯಲ್ಲೇ ನಿಂತಿದ್ದಳು.