ಬಾಯ್ಕಳಕ ಕೊಕ್ಕರೆಯ ಕೊಕ್ಕಲ್ಲಿ ಆ ಸಂದು ಯಾಕೆ?

ರಂಗನತಿಟ್ಟಿಗೆ ಹೋದವರು ಮೊಸಳೆ ನೋಡಿ, ಬಣ್ಣದ ಕೊಕ್ಕರೆಯ ನಾಲ್ಕು ಫೋಟೋ ತೆಗೆದು ವಾಪಸ್ ಬರುತ್ತಾರೆ. ಮುಂದಿನ ಸಲ ದೋಣಿ ಹತ್ತಿದಾಗ ಹಕ್ಕಿಗಳ ಕೊಕ್ಕನ್ನೇ ನೋಡಿ. ಅಲ್ಲಿ ಗೂಡು ಕಟ್ಟುವ ಹಕ್ಕಿಗಳೆಲ್ಲ ಸುತ್ತಲಿನ ನೀರು, ಗದ್ದೆಗಳಿಂದಲೇ ಹೊಟ್ಟೆ ತುಂಬಿಸಿಕೊಳ್ಳುತ್ತವೆ, ಆದರೆ ಒಂದೊಂದರ ದಾರಿ ಒಂದೊಂದು.

ಹೆಜ್ಜಾರ್ಲೆ (ಪೆಲಿಕನ್) ಕೊಕ್ಕಿನ ಕೆಳಗಿನ ಚೀಲದಲ್ಲಿ ಮೀನನ್ನು ನೀರಿನ ಸಮೇತ ಬಾಚಿಕೊಂಡು, ನೀರು ಸೋರಿಸಿ ನುಂಗುತ್ತದೆ. ಚಮಚದ ಕೊಕ್ಕರೆ ಚಪ್ಪಟೆ ತುದಿಯನ್ನು ನೀರಲ್ಲಿ ಅತ್ತಿಂದಿತ್ತ ಆಡಿಸುತ್ತಾ ನಡೆಯುತ್ತದೆ. ಬಣ್ಣದ ಕೊಕ್ಕರೆ ಅರ್ಧ ತೆರೆದ ಕೊಕ್ಕನ್ನು ನೀರಲ್ಲಿ ಅದ್ದಿರುತ್ತದೆ, ಮೀನು ತಾಗಿದ ಕೂಡಲೇ ಮುಚ್ಚುತ್ತದೆ. ಹಾಗಾಗಿ ರಾಡಿ ನೀರಾದರೂ ಚಿಂತೆ ಇಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಬಾಯ್ಕಳಕ. ಬಾಯಿ ಮುಚ್ಚಿದರೂ ಇದರ ಮೇಲಿನ ಕೊಕ್ಕಿಗೂ ಕೆಳಗಿನ ಕೊಕ್ಕಿಗೂ ನಡುವೆ ಸಂದು ಉಳಿಯುತ್ತದೆ. ಮರಿಗಳಿಗೆ ಇದು ಇರುವುದೇ ಇಲ್ಲ, ದೊಡ್ಡದಾಗುತ್ತಾ ಬರುತ್ತದೆ. ಮುಖ್ಯ ಊಟ ಕೆರೆ, ಗದ್ದೆಯ ಬಸವನಹುಳು. ಸಂದಲ್ಲಿ ಚಿಪ್ಪು ಸಿಕ್ಕಿಸಿ ಅಡಕತ್ತರಿ ಥರ ಒಡೆಯುತ್ತದೆ ಅಂತ ಹಿಂದೆ ಕೆಲವರು ಅಂದುಕೊಂಡಿದ್ದರು. ನೋಡಿದರೆ ಹಾಗೇ ಅನಿಸುತ್ತದೆ ಅಲ್ವಾ? ಆದರೆ ಅದು ತಿಂದು ಬಿಟ್ಟ ಚಿಪ್ಪುಗಳು ಸಾಮಾನ್ಯವಾಗಿ ಒಡೆದಿರುವುದಿಲ್ಲ. ಮೇಲಿನ ಕೊಕ್ಕಿನಿಂದ ಚಿಪ್ಪನ್ನು ಒತ್ತಿ ಹಿಡಿದು, ಕೆಳಗಿನ ಕೊಕ್ಕಿನ ಚೂಪು ತುದಿಯನ್ನು ಚಿಪ್ಪಿನ ಬಾಯೊಳಗೆ ತೂರಿಸಿ, ಒಳಗಿನ ಮಾಂಸವನ್ನು ಬಿಡಿಸಿ ಎಳೆದುಕೊಳ್ಳುತ್ತದೆ. ಇಷ್ಟೂ ಕೆಲಸ ಎಷ್ಟೋ ಸಲ ನೀರೊಳಗೇ ಮುಗಿಯುತ್ತದೆ. ಆ ತುದಿ ಬಹಳ ಸಲ ಸ್ವಲ್ಪ ಬಲಕ್ಕೆ ತಿರುಚಿಕೊಂಡಿರುತ್ತದೆ. ಮತ್ತೆ ಸಂದು ಯಾಕೆ? ನಡುವೆ ಜಾಗ ಇರುವುದರಿಂದ ತುದಿಗಳು ಚಿಪ್ಪಿನ ಮೇಲೆ ಹೆಚ್ಚು ಬಲ ಹಾಕಬಹುದು ಅನ್ನುವುದು ಒಂದು ವಿವರಣೆ, ನನಗೂ ಅದು ಸರಿ ಅನಿಸುತ್ತದೆ.

ಬಾಯ್ಕಳಕ ಕಪ್ಪೆ, ಏಡಿಗಳನ್ನೂ ತಿನ್ನುತ್ತದೆ. ಆದರೂ ಇಷ್ಟು ನಾಜೂಕಾದ ಕೊಕ್ಕು ಬಸವನಹುಳುವಿಗೇ ಹೇಳಿ ಮಾಡಿಸಿದ ಹಾಗಿದೆ. ಅದಕ್ಕೇ ಕೆರೆ ಮುಚ್ಚಿದಾಗ, ಗದ್ದೆಗೆ ಸಿಕ್ಕಾಪಟ್ಟೆ ವಿಷ ಹೊಡೆದಾಗ ನನಗೆ ಮೊದಲು ನೆನಪಾಗುವುದು ಈ ಹಕ್ಕಿ.

ಇದನ್ನು ನೋಡಲು ರಂಗನತಿಟ್ಟಿಗೇ ಹೋಗಬೇಕು ಅಂತಿಲ್ಲ. ಮಂಡ್ಯದ ಕಡೆ ನೀರು ನಿಂತ ಗದ್ದೆಗಳಲ್ಲಿ ಬೂದು ಮೈ, ಕಪ್ಪು ರೆಕ್ಕೆಯ ಕೊಕ್ಕರೆಗಳು ತಲೆ ಬಗ್ಗಿಸಿ ನಿಂತಿದ್ದರೆ ಗಾಡಿ ನಿಲ್ಲಿಸಿ. ಬೈನಾಕ್ಯುಲರ್ ಇದ್ದರೆ ಸಂದು ಚೆನ್ನಾಗಿ ಕಾಣುತ್ತದೆ.